ಆಟೋಕ್ರಾಸ್ ಸ್ವಿಫ್ಟ್‌ಗೆ ಮುಂದಿನ ವೀಲ್ ಹಬ್: ಎಲ್ಲಿ ದುಡ್ಡು ಉಳಿಸ್ಬಹುದು, ಎಲ್ಲಿ ಉಳಿಸ್ಬಾರ್ದು? (ತುಮಕೂರು)

ಕೆಎ06_ಸ್ವಿಫ್ಟ್:
ಎಲ್ರಿಗೂ ನಮಸ್ಕಾರ. ನಂದು 2008ರ ಸ್ವಿಫ್ಟ್ ವಿಎಕ್ಸ್‌ಐ, ಹಳೇ 1.3 ಪೆಟ್ರೋಲ್, ಎಬಿಎಸ್ ಇಲ್ಲ. ದಿನಾ ಓಡಿಸೋ ಗಾಡಿ ಅಲ್ಲ, ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಲ್ಲಿ ಟೈಮ್ ನೋಡಿ ಓಡಿಸೋ ರೇಸ್) ಅಂತಲೇ ಇಟ್ಕೊಂಡಿರೋದು. ಈಗ ಮುಂದಿನ ಎಡಗಡೆ ಚಕ್ರದಿಂದ 40 ದಾಟಿದ್ ಕೂಡ್ಲೇ ಗುಂಯ್ ಅನ್ನೋ ಸೌಂಡ್, ಸ್ಪೀಡ್ ಏರಿದಂಗೆ ಅದೂ ಏರ್ತೈತೆ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಜೋರು, ಎಡಕ್ಕೆ ತಿರುಗಿಸಿದ್ರೆ ಹೆಚ್ಚುಕಮ್ಮಿ ನಿಂತೇ ಹೋಗ್ತೈತೆ. ಒಂದು ಗ್ಯಾರೇಜಲ್ಲಿ ತೋರಿಸಿದ್ದಕ್ಕೆ ಎರಡೂ ಕಡೆ ನಕಲ್ (ಸಸ್ಪೆನ್ಷನ್‌ಗೆ ಬೋಲ್ಟ್ ಆಗಿ ಸ್ಟೇರಿಂಗ್ ಜೊತೆ ತಿರುಗೋ ತುಂಡು), ಹಬ್ (ಚಕ್ರ ಬೋಲ್ಟ್ ಆಗೋ ಭಾಗ), ಬೇರಿಂಗ್, ಡಿಸ್ಕ್ ಎಲ್ಲಾ ಹೊಸದು ಹಾಕ್ಬೇಕು ಅಂತ ಪಟ್ಟಿ ಬರೆದುಕೊಟ್ರು, ಆ ದುಡ್ಡಲ್ಲಿ ನಾಲ್ಕು ಒಳ್ಳೇ ಟೈರ್ ಬರ್ತಾವೆ. ಗಾಡಿ ಮೂಲೇಲಿ ನಿಲ್ಸೋಕೆ ಮನಸ್ಸಿಲ್ಲ, ಹಂಗಂತ ತಿರುವಲ್ಲಿ ಚಕ್ರ ಕಳಚಿಕೊಳ್ಳೋ ಅಂಥ ಉಳಿತಾಯನೂ ಬೇಡ. ಗುಜರೀಲಿ ಹಳೇ ಹಬ್ ತಗೋಬಹುದಾ, ಬರೀ ಬೇರಿಂಗ್ ಹಾಕ್ಸಿದ್ರೆ ಸಾಕಾ, ಕೆಲ್ಸ ತುಮಕೂರಲ್ಲೇ ಮಾಡ್ಸಬೇಕಾ ಬೆಂಗ್ಳೂರಿಗೆ ಹೋಗ್ಬೇಕಾ, ಅನುಭವ ಇರೋರು ಹೇಳಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ಗುರು ಮೊದ್ಲು ಬೇರಿಂಗೇ ಹೌದಾ ಅಂತ ಖಾತ್ರಿ ಮಾಡ್ಕೋ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಬಲಕ್ಕೆ ತಿರುಗಿಸಿದಾಗ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತೆ, ಆಗ ಜೋರಾಗುತ್ತೆ ಅಂದ್ರೆ ಎಡಗಡೇದೇ ಇರ್ಬೇಕು. ಆದ್ರೆ ಟೈರ್ ಹಲ್ಲು ಹಲ್ಲಾಗಿ ಸವೆದಿದ್ರೂ ಇದೇ ಥರ ಸೌಂಡ್ ಬರುತ್ತೆ, ಅದಕ್ಕೆ ಮುಂದಿನ ಟೈರ್ ಹಿಂದಕ್ಕೆ ಹಾಕಿ ರಿಂಗ್ ರೋಡಲ್ಲಿ ಒಂದು ರೌಂಡ್ ಹೋಗಿ ಬಾ. ಸೌಂಡ್ ಟೈರ್ ಜೊತೆ ಹಿಂದಕ್ಕೆ ಹೋದ್ರೆ ಟೈರು, ಮುಂದೇನೇ ಉಳಿದ್ರೆ ಬೇರಿಂಗು. ಆಮೇಲೆ ಜ್ಯಾಕ್ ಹಾಕಿ ಸ್ಟ್ಯಾಂಡ್ ಮೇಲೆ ಕೂರ್ಸಿ ಒಂದು ಕೈಲಿ ಕಾಯಿಲ್ ಸ್ಪ್ರಿಂಗ್ ಹಿಡ್ಕೊಂಡು ಇನ್ನೊಂದು ಕೈಲಿ ಚಕ್ರ ತಿರುಗ್ಸು. ಒಳ್ಳೇ ಬೇರಿಂಗ್ ಆದ್ರೆ ಸ್ಪ್ರಿಂಗಲ್ಲಿ ಏನೂ ಗೊತ್ತಾಗಲ್ಲ, ಹೋಗಿರೋದಾದ್ರೆ ಮರಳು ಉಜ್ಜಿದಂಗೆ ಬೆರಳಿಗೆ ಜುಂ ಅನ್ನುತ್ತೆ. ಕಿವಿಗೆ ಕೇಳದೇ ಇರೋದು ಕೈಗೆ ಸಿಗುತ್ತೆ.

ಶಿರಾಗೇಟ್_ಸ್ಪ್ಯಾನರ್:
ಮೇಲಿನವ್ರು ಹೇಳಿದ್ದು ಸರಿ ಐತೆ. ಅದಕ್ಕೆ ಇನ್ನೊಂದು ಸೇರಿಸ್ತೀನಿ. ಚಕ್ರ ಮೇಲೆತ್ತಿ 12 ಗಂಟೆ 6 ಗಂಟೆ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಪ್ಲೇ (ಸಡಿಲ ಅಲ್ಲಾಟ) ಸಿಕ್ತು ಅಂದ್ಕೊಳ್ಳಿ, ಆಗ ಒಬ್ರನ್ನ ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ತುಳಿಸಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಡಿಸ್ಕೂ ನಕಲ್ಲೂ ಒಂದೇ ಆಗ್ತಾವೆ, ಆವಾಗ ಪ್ಲೇ ಮಾಯ ಆದ್ರೆ ಬೇರಿಂಗು, ಹಂಗೇ ಉಳಿದ್ರೆ ಬಾಲ್ ಜಾಯಿಂಟು (ನಕಲ್‌ನ ಕೆಳಗಿನ ತೋಳಿಗೆ ಸೇರಿಸೋ ಕೀಲು). 9 ಗಂಟೆ 3 ಗಂಟೇಲಿ ಮಾತ್ರ ಪ್ಲೇ ಇದ್ರೆ ಟೈ ರಾಡ್ (ಸ್ಟೇರಿಂಗಿಂದ ನಕಲ್‌ಗೆ ಬರೋ ಸರಳು) ಕಡೆ ನೋಡಿ. ಬಾಲ್ ಜಾಯಿಂಟ್ ಹೋಗಿರೋ ಗಾಡಿಗೆ ಹಬ್ ಬದಲಾಯಿಸಿ ದುಡ್ಡು ಕಟ್ಟಿ ಹೋದೋರು ಬೇಕಾದಷ್ಟು ಜನ ಅವ್ರೆ, ಅದಕ್ಕೆ ಹೇಳ್ದೆ.

ಈಗ ಪಟ್ಟಿ ವಿಷ್ಯ. ಈ ಸ್ವಿಫ್ಟ್‌ನ ಮುಂದುಗಡೆ ನಕಲ್ ಬೇರೆ, ಬೇರಿಂಗ್ ಬೇರೆ, ಹಬ್ ಬೇರೆ. ಬೇರಿಂಗ್ ನಕಲ್ ಒಳಗೆ ಪ್ರೆಸ್ ಆಗಿ (ಬಿಗಿಯಾಗಿ ಒತ್ತಿ ಕೂರಿಸಿರೋದು) ಲಾಕ್ ರಿಂಗ್ ಮೇಲೆ ನಿಂತಿರ್ತೈತೆ, ಹಬ್ಬು ಬೇರಿಂಗ್ ಒಳಗೆ ಪ್ರೆಸ್ ಆಗಿರ್ತೈತೆ, ಡ್ರೈವ್ ಶಾಫ್ಟ್ ತುದೀಲಿರೋ ಆಕ್ಸಲ್ ನಟ್ ಎಲ್ಲಾನೂ ಹಿಡ್ಕೊಂಡಿರ್ತೈತೆ. ಈಗಿನ ಎಷ್ಟೋ ಹೊಸ ಗಾಡಿಗಳಲ್ಲಿ ಹಬ್ ಬೇರಿಂಗ್ ಒಂದೇ ಯೂನಿಟ್ಟು, ನಾಲ್ಕು ಬೋಲ್ಟ್ ಬಿಚ್ಚಿ ಬದಲಾಯಿಸೋದು, ಅಲ್ಲಿ ಒಂದು ಹೋದ್ರೆ ಎಲ್ಲಾನೂ ಕೊಳ್ಳಲೇಬೇಕು. ನಿಮ್ದು ಹಂಗಲ್ಲ, ಹೋಗಿರೋದನ್ನ ಮಾತ್ರ ಬದಲಾಯಿಸ್ಬಹುದು. ಬಲಗಡೆ ಚೆನ್ನಾಗಿದ್ರೆ ಅದನ್ನ ಯಾಕೆ ಬಿಚ್ತೀರ? ಬ್ರೇಕ್ ಪ್ಯಾಡ್ ಜೋಡಿಯಾಗೇ ಹಾಕ್ಬೇಕು, ಬೇರಿಂಗ್‌ಗೆ ಆ ನಿಯಮ ಇಲ್ಲ.

ಕೆಎ06_ಸ್ವಿಫ್ಟ್:
ಥ್ಯಾಂಕ್ಸ್ ಅಣ್ಣ. ಟೈರ್ ಅದಲು ಬದಲು ಮಾಡಿ ನೋಡ್ದೆ, ಸೌಂಡ್ ಮುಂದೇನೇ ಐತೆ. ಸ್ಪ್ರಿಂಗ್ ಹಿಡ್ಕೊಂಡ್ ನೋಡಿದ್ರೆ ಎಡಗಡೆ ಸ್ಪಷ್ಟವಾಗಿ ಗೊತ್ತಾಗ್ತೈತೆ, ಬಲಗಡೆ ನೈಸಾಗಿ ತಿರುಗ್ತೈತೆ. ಬ್ರೇಕ್ ತುಳಿದಾಗ ಪ್ಲೇ ಹೋಯ್ತು. ಸೋ ಎಡಗಡೆ ಬೇರಿಂಗ್ ಅಂತ ಆಯ್ತು. ಈಗ ಹಬ್ ಕೂಡ ಬದಲಾಯಿಸ್ಬೇಕಾ ಅನ್ನೋದು ಹೆಂಗೆ ತಿಳ್ಕೊಳ್ಳೋದು?

ಹಳೇ_ಎಸ್ಟೀಮ್:
ಎಸ್ಟೀಮ್ ಕಾಲದಿಂದ ಮಣ್ಣಲ್ಲಿ ಓಡಿಸ್ತಿದೀನಿ. ನನ್ ಪ್ರಕಾರ ಗುಜರಿಗೆ ಹೋಗಿ ಪೂರ್ತಿ ನಕಲ್ ಹಬ್ ಬೇರಿಂಗ್ ಸಮೇತ ಎತ್ಕೊಂಡ್ ಬಂದು ಹಾಕ್ಕೊಳ್ಳಿ, ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕೋದಷ್ಟೇ, ಪ್ರೆಸ್ಸೂ ಬೇಡ ಏನೂ ಬೇಡ. ಆಕ್ಸಿಡೆಂಟ್ ಆಗಿ ಹಿಂದಿನಿಂದ ಜಖಂ ಆಗಿರೋ ಗಾಡಿ ನೋಡಿ ತಗೋಬೇಕು, ಮುಂದೆ ಹೊಡೆಸ್ಕೊಂಡಿರೋದು ಮುಟ್ಬೇಡಿ. ಹೊಸ ಅಸೆಂಬ್ಲಿ ರೇಟಿಗೆ ಹೋಲಿಸಿದ್ರೆ ಕಾಲು ಭಾಗನೂ ಆಗಲ್ಲ.

ಬಾಜಾ_ಪಾಸ್‌ಔಟ್:
ನಕಲ್ ಹಳೇದು ತರೋದು ಸರಿ ಸರ್, ಆದ್ರೆ ಹಬ್ ವಿಷಯಕ್ಕೆ ನಾನು ಒಪ್ಪಲ್ಲ. ನಾವು ಕಾಲೇಜಲ್ಲಿ ಬಾಜಾ ಗಾಡಿ (ಇಂಜಿನಿಯರಿಂಗ್ ಸ್ಟೂಡೆಂಟ್‌ಗಳು ಸ್ಪರ್ಧೆಗೆ ಕಟ್ಟೋ ಮಣ್ಣಿನ ಗಾಡಿ) ಕಟ್ಟೋವಾಗ ಮಾರುತಿ 800 ಹಬ್ಬೇ ಬಳಸ್ತಿದ್ದಿದ್ದು, ಕಮ್ಮಿ ರೇಟಿಗೆ ಎಲ್ಲೆಲ್ಲೂ ಸಿಗುತ್ತೆ ಅಂತ. ಹಳೇ ಹಬ್ ಹೊರಗಿಂದ ನೋಡಿದ್ರೆ ಏನೂ ಹೇಳಲ್ಲ. ಚಕ್ರ ಪ್ರತಿ ಸುತ್ತು ತಿರುಗಿದಾಗಲೂ ಹಬ್‌ನ ಚಪ್ಪಟೆ ಭಾಗ ಒಂದು ಸಲ ಆ ಕಡೆ ಒಂದು ಸಲ ಈ ಕಡೆ ಬಾಗುತ್ತೆ, ಕಣ್ಣಿಗೆ ಕಾಣದಷ್ಟು. ರೋಡಲ್ಲಿ ಇದು ಲೆಕ್ಕಕ್ಕೇ ಬರಲ್ಲ, ಆದ್ರೆ ಹಿಡಿತ ಇರೋ ಟೈರ್ ಹಾಕಿ ಸ್ಟೇರಿಂಗ್ ಪೂರ್ತಿ ಎಳೆದು ತಿರುಗಿಸ್ತಾ ಇದ್ರೆ ಲೋಡ್ ಎಲ್ಲಾ ಹೊರಗಡೆ ಚಕ್ರದ ಮೇಲೆ, ಆಗ ಚಪ್ಪಟೆ ಭಾಗ ಮಧ್ಯದ ಕೊಳವೆಗೆ ಸೇರೋ ಮೂಲೆಯಿದೆಯಲ್ಲ, ಅಲ್ಲಿಂದ ಬಿರುಕು ಶುರು ಆಗುತ್ತೆ. ಸ್ಟಡ್ (ವೀಲ್ ನಟ್ ಕೂರೋ ಬೋಲ್ಟು) ತೂತಿನ ಸುತ್ತಾನೂ ಅಷ್ಟೇ. ಬಿರುಕು ಬಿಟ್ಟ ಹಬ್ಬು ಮುಂಚೆ ಸೌಂಡ್ ಮಾಡಿ ಹೇಳಲ್ಲ. ಬೇರಿಂಗ್ ಪಾಪ ವಾರಗಟ್ಲೆ ಕೂಗಿ ಹೇಳುತ್ತೆ, ಹಬ್ ಸುಮ್ನೆ ಮುರಿಯುತ್ತೆ.

ಹಳೇ ಹಬ್ ಹಾಕ್ಲೇಬೇಕು ಅಂದ್ರೆ ಡೈ ಪೆನೆಟ್ರಂಟ್ ಟೆಸ್ಟ್ ಮಾಡಿ ಹಾಕಿ. ಮೂರು ಸ್ಪ್ರೇ ಡಬ್ಬಿ ಬರುತ್ತೆ, ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಹಬ್‌ನ ಪೇಂಟು ತುಕ್ಕು ಗ್ರೀಸು ಏನೂ ಇಲ್ಲದಂಗೆ ಕ್ಲೀನ್ ಮಾಡಿ, ಕೆಂಪು ಹೊಡೆದು ಹತ್ತಿಪ್ಪತ್ತು ನಿಮಿಷ ಬಿಟ್ಟು, ಬಟ್ಟೇಲಿ ಒರೆಸಿ (ಕ್ಲೀನರ್ ಬಟ್ಟೆಗೆ ಹೊಡೀಬೇಕು, ನೇರ ಹಬ್ ಮೇಲೆ ಹೊಡೆದ್ರೆ ಬಿರುಕಿನೊಳಗಿನ ಡೈ ತೊಳೆದು ಹೋಗುತ್ತೆ) ಆಮೇಲೆ ಬಿಳಿ ಪುಡಿ ಹೊಡೆದ್ರೆ ಬಿರುಕು ಇದ್ದ ಕಡೆ ಕೆಂಪು ಗೆರೆ ಎದ್ದು ಕಾಣುತ್ತೆ. ಒಂದು ಸೆಟ್ ತಗೊಂಡ್ರೆ ನಾಲ್ಕೈದು ಗಾಡಿಗೆ ಸಾಕು, ಸ್ನೇಹಿತರು ಸೇರಿ ತಗೊಳ್ಳಿ. ಪೂರ್ತಿ ನಯವಾಗಿ ಬಿಳಿಯಾಗೇ ಉಳಿದ್ರೆ ಮಾತ್ರ ಹಾಕಿ, ಸಣ್ಣ ಗೆರೆ ಬಂದ್ರೂ ಗುಜರಿಗೇ ವಾಪಸ್. ವೆಲ್ಡಿಂಗ್ ಮಾಡ್ಸಿ ಹಾಕೋ ಯೋಚ್ನೆ ಮಾತ್ರ ಬೇಡ.

ಹಳೇ_ಎಸ್ಟೀಮ್:
ಟೆಸ್ಟ್ ಮಾಡಿ ಹಾಕೋದಾದ್ರೆ ನಂದೇನೂ ತಕರಾರಿಲ್ಲಮ್ಮ. ನಮ್ ಕಾಲಕ್ಕೆ ಇದೆಲ್ಲ ಕೈಗೆ ಸಿಗ್ತಿರ್ಲಿಲ್ಲ, ಸೀಮೆಎಣ್ಣೇಲಿ ಮುಳುಗಿಸಿಟ್ಟು ಒರೆಸಿ ಸುಣ್ಣದ ಪುಡಿ ಹಾಕಿ ನೋಡ್ತಿದ್ವಿ. ಮಧ್ಯದ ಮೂಲೆ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ.

ಮಧುಗಿರಿ_ಮಣ್ಣು:
ಸ್ಪೇಸರ್ (ಚಕ್ರನ ಹೊರಕ್ಕೆ ತಳ್ಳೋ ಬಿಲ್ಲೆ) ಹಾಕಿದೀರಾ ಬ್ರೋ? ಅಲಾಯ್ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಹೊರಗೆ ಕೂರುತ್ತೆ ಅನ್ನೋ ಅಳತೆ) ಎಷ್ಟು? ಚಕ್ರ ಹೊರಕ್ಕೆ ಹೋದಷ್ಟೂ ಗುಂಡಿಗೆ ಬಿದ್ದಾಗೆಲ್ಲ ಬೇರಿಂಗ್ ಮೇಲೆ ಮೀಟುಗೋಲು ಹಾಕ್ದಂಗೆ. ಮತ್ತೆ ಇವೆಂಟ್ ಮುಗಿದ್ಮೇಲೆ ವಾಟರ್ ಸರ್ವೀಸಲ್ಲಿ ಪ್ರೆಶರ್ ಗನ್ನು ಹಬ್ ಹಿಂದೆ ಸೀಲ್‌ಗೇ ಇಟ್ಟು ಹೊಡೀತಾರೆ, ಬಿಸಿ ಬೇರಿಂಗ್ ಮೇಲೆ ತಣ್ಣೀರು ಬಿದ್ರೆ ಒಳಗಿನ ಗಾಳಿ ಕುಗ್ಗಿ ಕೆಸರು ನೀರನ್ನೇ ಒಳಕ್ಕೆ ಎಳ್ಕೊಳ್ಳುತ್ತೆ. ಅಲ್ಲೇ ಅರ್ಧ ಬೇರಿಂಗ್ ಹೋಗೋದು. ಚಕ್ರ ಆರಿದ್ಮೇಲೆ ಪೈಪಲ್ಲಿ ಮೆಲ್ಲಗೆ ತೊಳೀರಿ.

ಕೆಎ06_ಸ್ವಿಫ್ಟ್:
ಸ್ಪೇಸರ್ ಐತೆ, ಮುಂದೆ ಎರಡೂ ಕಡೆ. ತೆಗೆದುಬಿಡ್ತೀನಿ, ಟೈರ್ ಸ್ಟ್ರಟ್‌ಗೆ (ಸ್ಪ್ರಿಂಗ್ ಕೂತಿರೋ ಶಾಕ್ ಅಬ್ಸಾರ್ಬರ್) ತಾಗದೇ ಇರೋ ಅಲಾಯ್ ನೋಡ್ಬೇಕು. ಪ್ರೆಸ್ ಕೆಲ್ಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಸ್ಪ್ಯಾನರ್ ಅಣ್ಣ. ನಕಲ್ ನಾನೇ ಬಿಚ್ಕೊಂಡು ಪ್ರೆಸ್ ಇರೋ ಕಡೆ ತಗೊಂಡೋದ್ರೆ ಲೇಬರ್ ಉಳಿಯುತ್ತಾ?

ಶಿರಾಗೇಟ್_ಸ್ಪ್ಯಾನರ್:
ಉಳಿತಾಯ ಇರೋದೇ ಅಲ್ಲಿ. ಗಾಡಿ ಹಂಗೇ ತಂದು ನಿಲ್ಸಿದ್ರೆ ಬಿಚ್ಚೋದು ಜೋಡ್ಸೋದು ಎಲ್ಲದಕ್ಕೂ ಲೇಬರ್, ನಕಲ್ ಮಾತ್ರ ಕೈಲಿ ಹಿಡ್ಕೊಂಡ್ ಬಂದ್ರೆ ಬರೀ ಪ್ರೆಸ್ ಚಾರ್ಜು. ಲಾರಿ ಟ್ರ್ಯಾಕ್ಟರ್ ಕೆಲ್ಸ ಮಾಡೋ ಕಡೆ ಹೈಡ್ರಾಲಿಕ್ ಪ್ರೆಸ್ ಇದ್ದೇ ಇರ್ತೈತೆ, ತುಮಕೂರಲ್ಲೇ ಆಗೋ ಕೆಲ್ಸ, ಇದಕ್ಕೆ ಬೆಂಗ್ಳೂರು ಬೇಕಿಲ್ಲ. ಬಿಚ್ಚೋವಾಗ ಗಮನ ಕೊಡಬೇಕಾದ್ದು ಹೇಳ್ತೀನಿ ಕೇಳಿ.

ಆಕ್ಸಲ್ ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲೆ ಇರೋವಾಗ್ಲೇ, ಅದರ ಅಂಚು ಶಾಫ್ಟ್‌ನ ತೋಡಿಗೆ ಗುದ್ದಿರ್ತಾರೆ, ಉಳೀಲಿ ಮೊದ್ಲು ಅದನ್ನ ಎತ್ತಿ, ಇಲ್ಲಾಂದ್ರೆ ಶಾಫ್ಟ್‌ನ ಮರೆ (ಥ್ರೆಡ್) ಹೋಗ್ತೈತೆ. ಆ ನಟ್ ಒಂದ್ಸಲದ್ದು, ಹೊಸದೇ ಹಾಕ್ಬೇಕು. ಸ್ಟ್ರಟ್‌ಗೂ ನಕಲ್‌ಗೂ ಇರೋ ಎರಡು ಬೋಲ್ಟ್ ಬಿಚ್ಚೋಕ್ಮುಂಚೆ ಸುತ್ತ ಪೇಂಟಲ್ಲಿ ಗುರ್ತು ಹಾಕ್ಕೊಳ್ಳಿ, ಆ ತೂತಲ್ಲಿ ಇರೋ ಸಡಿಲದಿಂದ್ಲೇ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲೋ ಕೋನ) ಆಚೀಚೆ ಆಗೋದು. ಡ್ರೈವ್ ಶಾಫ್ಟ್ ಹೊರಗೆ ಬರ್ಲಿಲ್ಲ ಅಂತ ತುದಿಗೆ ಸುತ್ತಿಗೇಲಿ ಹೊಡೀಬೇಡಿ, ಹಳೇ ನಟ್ ಎರಡು ಸುತ್ತು ಹಾಕಿ ಅದರ ಮೇಲೆ ಮರದ ತುಂಡು ಇಟ್ಟು ಹೊಡೀರಿ. ಬ್ರೇಕ್ ಕ್ಯಾಲಿಪರ್‌ನ ಅದರ ಹೋಸ್ ಮೇಲೆ ನೇತು ಬಿಡ್ಬೇಡಿ, ತಂತೀಲಿ ಸ್ಪ್ರಿಂಗ್‌ಗೆ ಕಟ್ಟಿ.

ಪ್ರೆಸ್ ಮಾಡೋ ಜಾಗದಲ್ಲಿ ನೀವೇ ನಿಂತು ನೋಡಿ, ಇದು ಬಲು ಮುಖ್ಯ. ಹಬ್ ಹೊರಗೆ ಒತ್ತಿದಾಗ ಬೇರಿಂಗ್ ಎರಡು ಪಾಲಾಗಿ ಒಳ ರಿಂಗಿನ ಅರ್ಧ ಹಬ್ ಮೇಲೇ ಉಳ್ಕೊಳ್ತೈತೆ. ಆ ಬೇರಿಂಗ್ ಕಥೆ ಅಲ್ಲಿಗೆ ಮುಗೀತು, ಹೊಸದೇ ಇದ್ರೂ ಮತ್ತೆ ಹಾಕಂಗಿಲ್ಲ. ಹಬ್ ಮೇಲೆ ಉಳಿದ ರಿಂಗ್‌ನ ಗ್ರೈಂಡರಲ್ಲಿ ಓರೆಯಾಗಿ ಗೀರಿ, ಪೂರ್ತಿ ಕಟ್ ಆಗೋಕ್ಮುಂಚೆ ನಿಲ್ಸಿ, ಉಳಿ ಇಟ್ಟು ಒಂದೇಟು ಹಾಕಿದ್ರೆ ಟಪ್ ಅಂತ ಸೀಳ್ತೈತೆ. ಗ್ರೈಂಡರ್ ಹಬ್‌ಗೆ ತಾಗಿದ್ರೆ ಆ ಗೀರೇ ಮುಂದೆ ಬಿರುಕಾಗೋದು. ರಿಂಗ್ ಕಳಚಿದ್ಮೇಲೆ ಹಬ್‌ನ ಕೊಳವೆ ನೋಡಿ. ಮಿರಿಮಿರಿ ಅಂತ ಒಂದೇ ಬಣ್ಣ ಇದ್ರೆ ಹಬ್ ಚೆನ್ನಾಗೈತೆ. ನೀಲಿ ತಿರುಗಿದ್ರೆ, ಸುತ್ತ ಗೆರೆ ಬಿದ್ದಿದ್ರೆ, ಉಗುರು ತಾಗಿದ್ರೆ ಸಿಕ್ಕೊಳ್ಳೋ ಅಂಥ ಮೆಟ್ಟಿಲಾಗಿದ್ರೆ, ಒಳ ರಿಂಗ್ ಹಬ್ ಮೇಲೆ ಜಾರಿ ತಿರುಗೈತೆ ಅಂತ ಅರ್ಥ, ಹೊಸ ಬೇರಿಂಗ್ ಹಾಕಿದ್ರೂ ನಿಲ್ಲಲ್ಲ, ಹಬ್ ಬದಲಾಯಿಸಿ. ನಕಲ್ ಒಳಗೂ ಹಂಗೇ ನೋಡಿ. ಸಡಿಲಾಗಿರೋ ನಕಲ್‌ಗೆ ಒಳಗೆಲ್ಲ ಡಾಟ್ ಪಂಚಲ್ಲಿ ಚುಕ್ಕಿ ಚುಕ್ಕಿ ಹೊಡೆದು ಟೈಟ್ ಮಾಡಿಕೊಡ್ತೀವಿ ಅಂತಾರೆ, ಅದು ಆಟೋಕ್ರಾಸಲ್ಲಿ ಬಾಳಲ್ಲ. ಗುಜರಿ ನಕಲ್ ತಗೊಂಬನ್ನಿ, ಅಲ್ಲಿ ಹಳೇದು ತಗೊಂಡ್ರೆ ನಂದೇನೂ ಅಡ್ಡಿ ಇಲ್ಲ.

ಹೊಸ ಬೇರಿಂಗ್ ನಕಲ್ ಒಳಕ್ಕೆ ಒತ್ತೋವಾಗ ಹೊರ ರಿಂಗ್ ಮೇಲೆ ಒತ್ತಬೇಕು. ಹಬ್ ಒಳಕ್ಕೆ ಒತ್ತೋವಾಗ ಬೇರಿಂಗ್‌ನ ಒಳ ರಿಂಗ್‌ಗೆ ಕೆಳಗಿಂದ ಸಪೋರ್ಟ್ ಕೊಡಬೇಕು. ಇದು ಉಲ್ಟಾ ಆಗಿ ಒತ್ತಡ ಗುಂಡುಗಳ ಮೂಲಕ ಹೋದ್ರೆ ರೇಸ್ (ಗುಂಡು ಉರುಳೋ ದಾರಿ) ಮೇಲೆ ಗುಂಡಿನ ಅಚ್ಚು ಬೀಳ್ತೈತೆ, ಗಾಡಿ ಹೊರಗೆ ತೆಗೆಯೋ ಮುಂಚೇನೇ ಬೇರಿಂಗ್ ಅರ್ಧ ಸತ್ತಿರ್ತೈತೆ. ತಿಂಗಳಿಗೇ ಸೌಂಡ್ ಶುರುವಾಗಿ ಕಂಪ್ನಿ ಮಾಲು ಸರಿ ಇಲ್ಲ ಅಂತ ಬೈತಾರೆ, ಮಾಲಿನ ತಪ್ಪಲ್ಲ ಅದು. ಸರಿಯಾದ ಸೈಜಿನ ಬುಷ್ (ರಿಂಗ್ ಮೇಲಿಟ್ಟು ಒತ್ತೋ ಬಳೆ) ಇಲ್ಲದೇ ಸುತ್ತಿಗೆ ಎತ್ತೋರ ಹತ್ರ ಕೊಡ್ಲೇಬೇಡಿ.

ಕೋಲಾರ_07:
ಸ್ಪ್ಯಾನರ್ ಅಣ್ಣ ಹೇಳಿದ್ದು ಅಪ್ಪಟ ಕೆಲ್ಸಗಾರರ ಮಾತು. ನಮ್ ಕೋಲಾರದಲ್ಲಿ ಟೊಮೇಟೊ ಮಾರ್ಕೆಟ್ ಪಿಕಪ್‌ಗಳ ದೆಸೆಯಿಂದ ಬೇರಿಂಗ್ ಪ್ರೆಸ್ ಮಾಡೋರು ಬೇಕಾದಷ್ಟು ಜನ ಅವ್ರೆ, ಆದ್ರೆ ಬುಷ್ ಸೆಟ್ ಇಟ್ಕೊಂಡಿರೋರನ್ನ ಹುಡುಕಿ ಹೋಗ್ಬೇಕು. ನಕಲ್‌ನ ಹೀಟ್ ಗನ್ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಬೇರಿಂಗ್ ರಾತ್ರಿ ಫ್ರೀಜರಲ್ಲಿ ಇಟ್ಟು ತಗೊಂಡೋದ್ರೆ ಒತ್ತೋದು ಸಲೀಸು. ಬೆಂಕಿ ಹಿಡೀಬಾರ್ದು ಅಷ್ಟೇ.

ಬೇರಿಂಗ್ ಕೊಳ್ಳೋ ಬಗ್ಗೆ ಹೇಳ್ತೀನಿ. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ, ಎನ್‌ಟಿಎನ್, ಕೋಯೋ, ಇವುಗಳಲ್ಲಿ ಯಾವ್ದಾದ್ರೂ ಪರವಾಗಿಲ್ಲ, ಮಾರುತಿ ಡಬ್ಬೀಲಿ ಬರೋ ಬೇರಿಂಗೂ ಯಾವುದೋ ಬೇರಿಂಗ್ ಕಂಪ್ನಿ ಮಾಡಿದ್ದೇ. ಹಳೇ ಬೇರಿಂಗ್ ಅಂಚಲ್ಲಿ ಕೊರೆದಿರೋ ನಂಬರ್ ಬರ್ಕೊಂಡು ಹೋಗಿ ಬೇರಿಂಗ್ ಅಂಗಡೀಲಿ ಕೇಳಿ, ಕಾರ್ ಸ್ಪೇರ್ ಅಂಗಡಿಗಿಂತ ಎಷ್ಟೋ ಸಲ ಕಮ್ಮಿ ಬೀಳುತ್ತೆ. ಆದ್ರೆ ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ ಡುಪ್ಲಿಕೇಟ್ ಅಂತ್ಲೇ ತಿಳ್ಕೊಳ್ಳಿ. ಎಸ್‌ಕೆಎಫ್‌ನೋರ ಆಥೆಂಟಿಕೇಟ್ ಆ್ಯಪ್ ಐತೆ, ಡಬ್ಬಿ ಬೇರಿಂಗ್ ಫೋಟೋ ಕಳ್ಸಿದ್ರೆ ನೋಡಿ ಹೇಳ್ತಾರೆ, ಎಫ್‌ಎಜಿ ಡಬ್ಬಿ ಮೇಲಿನ ಕೋಡ್‌ನ ಶೆಫ್ಲರ್ ಒರಿಜಿನ್‌ಚೆಕ್ ಆ್ಯಪಲ್ಲಿ ಸ್ಕ್ಯಾನ್ ಮಾಡ್ಬಹುದು. ಬಿಲ್ ಕೇಳಿ ಇಸ್ಕೊಳ್ಳಿ. ಇನ್ನೊಂದು, ಹಬ್ ಹೊಸದು ತಗೊಳ್ಳೋದಾದ್ರೆ ಹಳೇ ಕೊಟೇಶನ್ ನಂಬ್ಬೇಡಿ, 2025 ಸೆಪ್ಟೆಂಬರ್ 22ರಿಂದ ಕಾರ್ ಪಾರ್ಟ್ಸ್ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದೈತೆ, ಬೇರಿಂಗ್ ಮೊದ್ಲಿಂದ್ಲೂ 18ರಲ್ಲೇ ಇತ್ತು. ಅಂಗಡಿಯೋರು ಹಳೇ ರೇಟ್ ಹೇಳಿದ್ರೆ ಕೇಳೋ ಹಕ್ಕು ನಿಮಗೈತೆ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ಎಬಿಎಸ್ ಇರೋ ಗಾಡಿಯೋರು ಇದನ್ನ ಓದ್ತಿದ್ರೆ ಒಂದು ಮಾತು, ಎಷ್ಟೋ ಬೇರಿಂಗಲ್ಲಿ ಒಂದು ಕಡೆ ಸೀಲೇ ಮ್ಯಾಗ್ನೆಟ್ ರಿಂಗು, ಅದು ಸೆನ್ಸರ್ ಕಡೆಗೆ ಬರ್ಬೇಕು. ಗುಂಡುಪಿನ್ ಹತ್ರ ಹಿಡಿದ್ರೆ ಯಾವ ಕಡೆ ಎಳ್ಕೊಳ್ಳುತ್ತೆ ನೋಡಿ ಗುರ್ತು ಹಾಕ್ಕೊಳ್ಳಿ. ಉಲ್ಟಾ ಹೋದ್ರೆ ಮತ್ತೆ ಹೊಸ ಬೇರಿಂಗ್ ದುಡ್ಡು.

ಕೆಎ06_ಸ್ವಿಫ್ಟ್:
ಅಪ್‌ಡೇಟ್. ನಕಲ್ ನಾನೂ ನನ್ ತಮ್ಮನೂ ಸೇರಿ ಬಿಚ್ಚಿ ಪ್ರೆಸ್ ಮಾಡೋರ ಹತ್ರ ತಗೊಂಡೋದ್ವಿ, ಪಕ್ಕದಲ್ಲೇ ನಿಂತು ನೋಡ್ದೆ. ಬೇರಿಂಗ್ ಒಳಗಿನ ಗ್ರೀಸು ಕೆಮ್ಮಣ್ಣು ಬಣ್ಣಕ್ಕೆ ತಿರುಗಿತ್ತು, ಹೊರಗಡೆ ಸಾಲಿನ ರೇಸ್ ಮೇಲೆ ಪದರ ಎದ್ದು ಬಂದಿತ್ತು, ಒಳಗಡೆ ಸಾಲು ಅಷ್ಟಾಗಿ ಹಾಳಾಗಿರ್ಲಿಲ್ಲ. ನಕಲ್ ಒಳಗೆ ನೀಟಾಗಿತ್ತು. ಹಬ್‌ನ ಕೊಳವೆ ಮೇಲೆ ಅರ್ಧ ಸುತ್ತು ನೀಲಿ ಬಣ್ಣ, ಉಗುರು ಸಿಕ್ಕೊಳ್ತೈತೆ. ಸೋ ಹಬ್ ಹೊಸದು, ಬೇರಿಂಗ್ ಹೊಸದು, ನಟ್ ಹೊಸದು, ನಕಲ್ ಹಳೇದೇ, ಡಿಸ್ಕ್ ಹಳೇದೇ, ಬಲಗಡೆ ಮುಟ್ಟಿಲ್ಲ. ಮೊದ್ಲು ಕೊಟ್ಟ ಪಟ್ಟೀಲಿ ಇದ್ದಿದ್ದರಲ್ಲಿ ಬಹುಪಾಲು ಬೇಡವೇ ಆಗಿತ್ತು. ಸ್ಟಡ್ ಹೊಸ ಹಬ್ ಜೊತೆ ಬಂದಿಲ್ಲ, ಹಳೇ ಸ್ಟಡ್ ಕಿತ್ತು ಹಾಕ್ಬಹುದಾ?

ಬಾಜಾ_ಪಾಸ್‌ಔಟ್:
ಹಳೇ ಸ್ಟಡ್ ಬೇಡಪ್ಪ. ಹೊಸ ಹಬ್‌ಗೆ ಹೊಸ ಸ್ಟಡ್. ಇಡೀ ಕೆಲ್ಸದಲ್ಲಿ ಅತಿ ಕಮ್ಮಿ ರೇಟಿನ ಸಾಮಾನು ಅದು, ಚಕ್ರ ನಿಂತಿರೋದು ಅದರ ಮೇಲೇನೇ. ಸ್ಪೇಸರ್ ಹಾಕಿ ಓಡಿಸಿರೋ ಸ್ಟಡ್ ಅಂತೂ ಬೇಡವೇ ಬೇಡ. ಸುಜುಕಿ ಮರೆ 12 ಬೈ 1.25 (12 ಮಿ.ಮೀ. ದಪ್ಪ, ಮರೆಗಳ ಅಂತರ 1.25 ಮಿ.ಮೀ.), ಹೋಂಡಾದ್ದು 12 ಬೈ 1.5, ಅಂಗಡೀಲಿ ಕೈತಪ್ಪಿ ಅದನ್ನ ಕೊಟ್ರೆ ನಟ್ ಎರಡು ಸುತ್ತು ಹೋಗಿ ಹಿಡಿಯುತ್ತೆ, ಬಲವಂತ ಮಾಡಿ ತಿರುಗಿಸ್ಬೇಡಿ. ಹಬ್ ಕೂರಿಸಿದ್ಮೇಲೆ ಯಾರ ಹತ್ರಾದ್ರೂ ಡಯಲ್ ಗೇಜ್ (ಸಣ್ಣ ಅಲ್ಲಾಟ ಅಳೆಯೋ ಮುಳ್ಳಿನ ಮೀಟರು) ಇದ್ರೆ ಚಪ್ಪಟೆ ಭಾಗಕ್ಕೆ ಇಟ್ಟು ತಿರುಗಿಸಿ ನೋಡಿ, ಅಲ್ಲಾಟ ಸಾಮಾನ್ಯವಾಗಿ 0.05 ಮಿ.ಮೀ. ಒಳಗಿರ್ಬೇಕು. ಅಲ್ಲಿ ಅಲ್ಲಾಟ ಜಾಸ್ತಿ ಇದ್ರೆ ಬ್ರೇಕ್ ತುಳಿದಾಗ ಸ್ಟೇರಿಂಗ್ ನಡುಗುತ್ತೆ, ಆಗ ಸುಮ್ಮನೆ ಡಿಸ್ಕ್ ಬದಲಾಯಿಸೋಕೆ ಹೋಗ್ತೀರ.

ಕೆಎ06_ಸ್ವಿಫ್ಟ್:
ಸರಿ ಅಕ್ಕ, ಸ್ಟಡ್ ನಾಳೇನೇ ತರ್ತೀನಿ. ಹಿಂದಿನ ಚಕ್ರಕ್ಕೂ ಇದೇ ಥರಾನಾ?

ಶಿರಾಗೇಟ್_ಸ್ಪ್ಯಾನರ್:
ಹಿಂದೆ ಬೇರೆ. ಈ ಮಾಡೆಲಲ್ಲಿ ಬೇರಿಂಗ್ ಡ್ರಮ್ ಒಳಗೇ ಪ್ರೆಸ್ ಆಗಿರ್ತೈತೆ, ಡ್ರಮ್ಮೇ ಹಬ್ಬು. ಡ್ರಮ್ ಸವೆದು ಲಿಮಿಟ್ ದಾಟಿದ್ರೆ ಬೇರಿಂಗ್ ಬೇರೆ ಡ್ರಮ್ ಬೇರೆ ಲೆಕ್ಕ ಹಾಕಿ ನೋಡಿ, ಕೆಲವು ಸಲ ಬೇರಿಂಗ್ ಸಮೇತ ಡ್ರಮ್ ತಗೊಳ್ಳೋದೇ ಲಾಭ, ಪ್ರೆಸ್ ಚಾರ್ಜ್ ಉಳೀತೈತೆ. ಡ್ರಮ್ ಚೆನ್ನಾಗಿದ್ರೆ ಬರೀ ಬೇರಿಂಗ್.

ಹಳೇ_ಎಸ್ಟೀಮ್:
ಮುಂದಿನ ಸೀಸನ್‌ಗೆ ಒಂದು ಸಲಹೆ. ಗುಜರೀಲಿ ಒಂದು ಎಡ ಒಂದು ಬಲ ನಕಲ್ ತಂದು, ಹೊಸ ಹಬ್ಬು ಬೇರಿಂಗು ಹಾಕ್ಸಿ, ಮರದ ಪೆಟ್ಟಿಗೇಲಿ ಇಟ್ಬಿಡಿ. ಇವೆಂಟಲ್ಲಿ ಬೇರಿಂಗ್ ಹೋದ್ರೆ ಅಲ್ಲಿ ಪ್ರೆಸ್ ಸಿಗಲ್ಲ, ಬೋಲ್ಟ್ ಬಿಚ್ಚಿ ಇದನ್ನ ಹಾಕಿ ಮಧ್ಯಾಹ್ನದ ರನ್‌ಗೆ ಹೊರಡ್ಬಹುದು. ನಾಲ್ಕು ಸ್ವಿಫ್ಟ್ ರಿಟ್ಜ್ ಹುಡುಗ್ರು ಪಾರ್ಟ್ ನಂಬರ್ ತಾಳೆ ನೋಡ್ಕೊಂಡು ಸೇರಿ ಒಂದು ಜೋಡಿ ಮಾಡ್ಕೊಂಡ್ರೆ ಒಬ್ಬೊಬ್ರಿಗೆ ಬೀಳೋ ಖರ್ಚು ಲೆಕ್ಕಕ್ಕೇ ಇಲ್ಲ.

ಮಧುಗಿರಿ_ಮಣ್ಣು:
ನಾನು ರೆಡಿ, ನಂದು ರಿಟ್ಜ್. ನಕಲ್ ನಂಬರ್ ಇವತ್ ರಾತ್ರಿ ನೋಡಿ ಹಾಕ್ತೀನಿ.

ಕೆಎ06_ಸ್ವಿಫ್ಟ್:
ನಾನೂ ಸೇರ್ತೀನಿ. ಗುಜರಿಗೆ ಭಾನುವಾರ ಹೋಗೋಣ, ಬಾಜಾ ಅಕ್ಕ ಡೈ ಸ್ಪ್ರೇ ಎಲ್ಲಿ ತಗೊಂಡ್ರಿ ಅಂತ ಮೆಸೇಜ್ ಮಾಡಿ. ಸ್ಪ್ಯಾನರ್ ಅಣ್ಣ, ಆಕ್ಸಲ್ ನಟ್ ಇಂಪ್ಯಾಕ್ಟ್ ಗನ್ನಲ್ಲಿ ಟೈಟ್ ಮಾಡಿದ್ರೆ ನಡೆಯುತ್ತಾ?

ಶಿರಾಗೇಟ್_ಸ್ಪ್ಯಾನರ್:
ಬೇಡ. ಒಳ ರಿಂಗಿನ ಎರಡು ಅರ್ಧಗಳನ್ನ ಒಟ್ಟಿಗೆ ಹಿಡಿದಿರೋದೇ ಆ ನಟ್ಟು, ಜಾಸ್ತಿ ಆದ್ರೆ ಬೇರಿಂಗ್ ಬಿಸಿ, ಕಮ್ಮಿ ಆದ್ರೆ ಪ್ಲೇ. ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್‌ನಲ್ಲಿರೋ ಅಳತೆಗೆ ಕೂರ್ಸಿ, ಆಮೇಲೆ ಅಂಚು ಗುದ್ದಿ. ನಟ್ ಪೂರ್ತಿ ಟೈಟ್ ಆಗೋವರೆಗೂ ಗಾಡೀನ ಆ ಚಕ್ರದ ಮೇಲೆ ಒಂದಡಿನೂ ತಳ್ಬೇಡಿ. ಟಾರ್ಕ್ ರೆಂಚ್ ಇಲ್ಲಾಂದ್ರೆ ಬಂದು ನಂದೇ ತಗೊಂಡೋಗಿ, ಸಂಜೆ ಏಳರ ತನಕ ಇರ್ತೀನಿ.